ಮಿಂಚುಹುಳ ನೋಡಬೇಕೇ? ಮೊದಲು ಟಾರ್ಚ್ ಆರಿಸಿ

ತುಳುನಾಡಿನ ಆಚರಣೆಯ ದಿನವಾದ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24ರ ಆಸುಪಾಸು, ನಾಲ್ಕು ಮಳೆ ಬಿದ್ದರೆ ಉಡುಪಿ ಜಿಲ್ಲೆಯ ಕಾರ್ಕಳ, ಹೆಬ್ರಿ ಕಡೆಯ ತೋಡಿನ (ಸಣ್ಣ ಹಳ್ಳದ) ಬದಿಗಳಲ್ಲಿ ಮಿಂಚುಹುಳ ಏಳುತ್ತವೆ. ಮಳೆ ಜೋರಾಗಿ ಹಿಡಿದ ಮೇಲೆ ಹೋದರೆ ಕಾಲಿಗೆ ಉಂಬಳ (ಜಿಗಣೆ) ಹತ್ತುವುದೇ ಲಾಭ.

ಅಮಾವಾಸ್ಯೆಯ ಹಿಂದೆಮುಂದೆ, ಸಂಜೆ 7ರಿಂದ 8.30 ಒಳ್ಳೆಯ ಹೊತ್ತು. ಕಣ್ಣು ಕತ್ತಲಿಗೆ ಒಗ್ಗಲು 20 ನಿಮಿಷವಾದರೂ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದಿರೋ, ಮತ್ತೆ ಮೊದಲಿಂದ ಕಾಯಬೇಕು. ದಾರಿಗೆ ಬೆಳಕು ಬೇಕಾದರೆ ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಹಾಳೆ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಕೆಂಪು ಬೆಳಕು ಹುಳಗಳಿಗೆ ಅಷ್ಟಾಗಿ ಕಾಣಿಸುವುದಿಲ್ಲ. ಬಿಳಿ ಬೆಳಕಿನ ಕಥೆ ಬೇರೆ. ಹಾರುತ್ತಾ ಮಿನುಗುವುದು ಹೆಚ್ಚಾಗಿ ಗಂಡು. ಹೆಣ್ಣು ಹುಲ್ಲಿನಲ್ಲಿ ಕೂತು ಸಣ್ಣಗೆ ಮಿನುಗಿ ಉತ್ತರ ಕೊಡುತ್ತದೆ. ಅಂಗಳದ ಒಂದು ಎಲ್ಇಡಿ ಬಲ್ಬ್ ಸಾಕು, ಆ ಉತ್ತರ ಗಂಡಿಗೆ ಕಾಣದೆ ಹೋಗಲು.

ನೆಲದಲ್ಲಿ ಮಿನುಗದೆ ಒಂದೇ ಸಮ ಹೊಳೆಯುವುದು ಕಂಡರೆ ಬಗ್ಗಿ ನೋಡಿ. ಅದು ಮರಿಹುಳ ಇರಬಹುದು, ಕೆಲವು ಜಾತಿಯಲ್ಲಿ ರೆಕ್ಕೆಯಿಲ್ಲದ ಹೆಣ್ಣೂ ಇರಬಹುದು. ಮರಿಹುಳದ ಮೈ ಚಪ್ಪಟೆ, ಬೆನ್ನ ಮೇಲೆ ಹಲಗೆ ಜೋಡಿಸಿದಂತೆ. ಬಾಲದ ತುದಿಯ ಅಡಿಯಲ್ಲಿ ಹಸಿರು ಚುಕ್ಕೆ ಎರಡು. ಇದರ ಊಟ ಬಸವನಹುಳು. ಕಚ್ಚಿ ವಿಷ ಬಿಟ್ಟು, ಮಾಂಸ ಕರಗಿದ ಮೇಲೆ ಹೀರುತ್ತದೆ. ಅಡಿಕೆ ತೋಟದವರು ಇದನ್ನು ಸಾಕಬೇಕು, ನಿಜ ಹೇಳಿದರೆ. ಆದರೆ ಕಳೆನಾಶಕ ಹೊಡೆದು, ತರಗೆಲೆ ಗುಡಿಸಿ ಸುಟ್ಟರೆ ಅದಕ್ಕೆ ಮನೆಯೇ ಇಲ್ಲ.

ಫೋಟೋಕ್ಕೆ ಟ್ರೈಪಾಡ್ ಬೇಕೇ ಬೇಕು. ಲೆನ್ಸಿನ ಕಿಂಡಿ (ಅಪರ್ಚರ್) ಎಫ್ 2.8, ಬೆಳಕು ಹಿಡಿಯುವ ಸಂವೇದನೆ ಐಎಸ್ಒ 1600, ಒಂದೊಂದು ಫ್ರೇಮ್ 20–30 ಸೆಕೆಂಡ್. ಅಂಥ ಐವತ್ತು ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ. ಕತ್ತಲಲ್ಲಿ ಆಟೋಫೋಕಸ್ ತಡಕಾಡುತ್ತದೆ, ಆದ್ದರಿಂದ ಬೆಳಕಿರುವಾಗಲೇ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಹಾಕಿಡಿ. ಹೆಚ್ಚಿನವರು ಸೋಲುವುದು ಇನ್ನೊಂದು ಕಡೆ: ಏಸಿ ಕಾರಿನಿಂದ ತೆಗೆದ ಲೆನ್ಸಿಗೆ ನಮ್ಮ ಸೆಕೆಯಲ್ಲಿ ತಕ್ಷಣ ಮಂಜು ಕೂರುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಅರ್ಧ ಗಂಟೆ ಮೊದಲೇ ಕ್ಯಾಮೆರಾವನ್ನು ಬ್ಯಾಗು ಸಮೇತ ಹೊರಗಿಡಿ.

ಇದೇ ಕ್ಯಾಮೆರಾ ಕಡಲಿಗೂ ಆದೀತು. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯ ತೆರೆಗಳು ನೀಲಿಯಾಗಿ ಹೊಳೆದದ್ದು ನೆನಪಿರಬಹುದು. ಅದು ಹುಳವಲ್ಲ, ನಾಕ್ಟಿಲ್ಯೂಕ ಎಂಬ ಒಂದೇ ಕೋಶದ ಜೀವಿ. ನೀರು ಅಲುಗಿದಾಗ ಮಾತ್ರ ಬೆಳಗುತ್ತದೆ, ಹಾಗಾಗಿ ಒಡೆಯುವ ತೆರೆಗೇ ಫೋಕಸ್ ಇಡಿ. ಮನೆಗೆ ಬಂದ ಕೂಡಲೇ ಟ್ರೈಪಾಡಿನ ಕಾಲು ಸಿಹಿನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಉಪ್ಪಿಗೆ ಕೀಲು ಹಿಡಿದುಕೊಳ್ಳುತ್ತದೆ.