ಅಂಟಿಸಿದವರು ಊರು ಬಿಟ್ಟ ಮೇಲೆ

“ಇದ್ನೆಲ್ಲಾ ಆಮೇಲೆ ಕೀಳೋರು ಯಾರಪ್ಪಾ?”

ಈ ವಾರ ಬಡಾವಣೆಯ ಆಟದ ಮೈದಾನದ ಕಾಂಪೌಂಡಿಗೆ ದೊಡ್ಡ ದೊಡ್ಡ ಮುಖಚಿತ್ರ ಅಂಟಿಸುತ್ತಿದ್ದ ಹುಡುಗರನ್ನು ಪೌರಕಾರ್ಮಿಕ ಮಹಿಳೆಯೊಬ್ಬರು ಕೇಳಿದ್ದು ಇದು. ಹೂವಿನವರು, ಆಟೋದವರು, ಇಸ್ತ್ರಿಯವರು, ಅವರ ಸಾಲಿನಲ್ಲೇ ಈಕೆಯ ಮುಖವೂ ಇತ್ತು. “ಮಳೆ ಬಂದ್ರೆ ತಾನಾಗೇ ಹೋಗುತ್ತಮ್ಮಾ” ಎಂದ ಒಬ್ಬ. ಆಕೆ ಪೊರಕೆ ಗೋಡೆಗೆ ಒರಗಿಸಿ, “ಮಳೆಗೆ ಉದುರಿದ್ದು ಮೋರಿಗೆ ಸೇರ್ತದೆ. ಮೋರಿ ಎತ್ತೋರು ನಾವೇ ಅಲ್ವಾ?” ಎಂದರು. ಹುಡುಗ ನಕ್ಕು ಸುಮ್ಮನಾದ. ಒಳ್ಳೆಯ ಹುಡುಗರೇ, ಬೆಳಗಿನಿಂದ ಬೆವರು ಸುರಿಸಿದ್ದರು. ಆದರೆ ಆ ಪ್ರಶ್ನೆಗೆ ನಗು ಉತ್ತರವಲ್ಲ.

ಈ ಮಾದರಿಯನ್ನು ಜಗತ್ತಿಗೆಲ್ಲ ಹಬ್ಬಿಸಿದವರು ಫ್ರಾನ್ಸಿನ ಕಲಾವಿದ ಜೆಆರ್. 2011ರಲ್ಲಿ ಶುರುವಾದ ಅವರ ‘ಇನ್‌ಸೈಡ್ ಔಟ್’ ಯೋಜನೆಯಲ್ಲಿ ಜನರ ಕಪ್ಪು-ಬಿಳುಪು ಭಾವಚಿತ್ರಗಳು ಸುಮಾರು 90 ಸೆಂ.ಮೀ. ಅಗಲ, 135 ಸೆಂ.ಮೀ. ಎತ್ತರದ ಪೋಸ್ಟರುಗಳಾಗಿ ಅವರವರ ಊರಿನ ಗೋಡೆಗೇ ಏರುತ್ತವೆ. ಫೋಟೊ ತೆಗೆದು ಅಲ್ಲೇ ಮುದ್ರಿಸುವ ಟ್ರಕ್ಕುಗಳೂ ಊರೂರು ಸುತ್ತಿವೆ. ಅದಕ್ಕೂ ಮೊದಲು, 2009ರಲ್ಲಿ, ಕೆನ್ಯಾದ ನೈರೋಬಿಯ ಕಿಬೆರಾ ಕೊಳೆಗೇರಿಯಲ್ಲಿ ಅವರು ಮನೆಗಳ ಛಾವಣಿಗೆ ಹೆಂಗಸರ ಚಿತ್ರ ಹೊದಿಸಿದಾಗ ಕಾಗದ ಬಳಸಲಿಲ್ಲ, ನೀರು ಇಳಿಯದ ವಿನೈಲ್ ಬಳಸಿದರು. ಚಿತ್ರ ಮಳೆಗೆ ಸೂರೂ ಆಯಿತು. ಕಲಾವಿದ ಹೊರಟ ಮೇಲೆ ಆ ವಸ್ತು ಅಲ್ಲಿನವರಿಗೆ ಏನಾಗುತ್ತದೆ ಎಂಬುದು ಮೊದಲೇ ತೀರ್ಮಾನವಾಗಿತ್ತು.

ನಮ್ಮ ಗೋಡೆಗೆ ಕಾಗದವೇ ಸರಿ. ಆದರೆ ಅಂಟು ಬರೀ ಮೈದಾದ್ದಾಗಿರಬೇಕು. ಒಂದು ಕೆ.ಜಿ. ಮೈದಾವನ್ನು ಎರಡು ಲೀಟರ್ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ಆರು ಲೀಟರ್ ನೀರಿಗೆ ಸುರಿದು, ಬಿಳುಪು ಹೋಗಿ ಮಂದವಾಗುವವರೆಗೆ ತಿರುವಬೇಕು. ಆರಿದ ಮೇಲೆ ಬಟ್ಟೆಯಲ್ಲಿ ಸೋಸಬೇಕು. ಗಟ್ಟಿಯಾಗಲಿ ಅಂತ ಫೆವಿಕಾಲ್ ಬೆರೆಸುವ ಚಾಳಿಯಿದೆ. ಬರೀ ಮೈದಾ ಅಂಟು ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಫೆವಿಕಾಲ್ ಸೇರಿದ್ದು ಒಣಗಿದರೆ, ಕೀಳುವಾಗ ಕಾಗದ ಚೂರುಚೂರಾಗಿ, ಗೋಡೆಯ ಬಣ್ಣದ ಸಮೇತ ಬರುತ್ತದೆ. ಹುಳ ಬರದಿರಲೆಂದು ಮೈಲುತುತ್ತ ಹಾಕುವುದಂತೂ ಬೇಡವೇ ಬೇಡ. ಬೀದಿ ಹಸುಗಳು ಪೋಸ್ಟರ್ ತಿನ್ನುತ್ತವೆ, ಅದು ವಿಷ.

ಕಾಗದ 80 ಜಿಎಸ್‌ಎಂ ಆಸುಪಾಸಿನದು (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವಂಥದ್ದು), ಹೊಳಪಿನ ಲೇಪ ಇಲ್ಲದ್ದು. ಇಂಕ್‌ಜೆಟ್ ಮುದ್ರಣ ಒದ್ದೆಯಾದರೆ ಬಣ್ಣ ಹರಿಯಬಹುದು, ಲೇಸರ್ ಪ್ರಿಂಟರಿನ ಟೋನರ್ ಪುಡಿಯದು ನಿಲ್ಲುತ್ತದೆ. ಗೋಡೆಗೆ ಅಂಗೈ ಉಜ್ಜಿ ನೋಡಿ: ಸುಣ್ಣ ಕೈಗೆ ಬಂದರೆ ಪೋಸ್ಟರ್ ಸುಣ್ಣಕ್ಕೆ ಅಂಟುತ್ತದೆ, ಗೋಡೆಗಲ್ಲ. ಮೊದಲು ಗೋಡೆಗೆ ಅಂಟು, ಆಮೇಲೆ ಕಾಗದ, ಮೇಲಿಂದ ಕೆಳಗೆ. ಬ್ರಷ್ ನಡುವಿನಿಂದ ಅಂಚಿಗೆ ಎಳೆಯಬೇಕು, ಇಲ್ಲದಿದ್ದರೆ ಗಾಳಿ ಸಿಕ್ಕಿ ಉಬ್ಬುತ್ತದೆ. ಮೇಲೊಂದು ಕೈ ಅಂಟು. ಬಿಸಿಲೇರಿದರೆ ಅಂಚು ಬೇಗ ಒಣಗಿ ಏಳುತ್ತದೆ, ಬೆಳಗ್ಗೆಯೇ ಮುಗಿಸಬೇಕು.

ಮೈದಾನದ ಹುಡುಗರು ಇದನ್ನೆಲ್ಲ ಚೆನ್ನಾಗಿಯೇ ಮಾಡಿದರು. ಬಿಟ್ಟದ್ದು ಕೊನೆಯ ಅರ್ಧ. “ಮೋರಿ ಎತ್ತೋರು ನಾವೇ ಅಲ್ವಾ?” ತನ್ನದೇ ಮುಖದ ಚೂರನ್ನು ತಾನೇ ಮೋರಿಯಿಂದ ಎತ್ತಬೇಕಾದವರ ಮಾತು ಅದು. ಸಮುದಾಯ ಕಲೆ ಎಂದು ಬ್ಯಾನರ್ ಕಟ್ಟುವವರು ಆ ಸಮುದಾಯದಲ್ಲಿ ಗುಡಿಸುವವರನ್ನೂ ಎಣಿಸಬೇಕು, ಫೋಟೊಕ್ಕಷ್ಟೇ ಅಲ್ಲ. ಉದ್ಘಾಟನೆಗೆ ಹಣ ಹುಟ್ಟುತ್ತದೆ, ಕೀಳುವ ದಿನಕ್ಕೆ ಹುಟ್ಟುವುದಿಲ್ಲ ಎಂದರೆ ನಂಬಲಾಗದು. ಬೆಂಗಳೂರಿನಲ್ಲಿ ಅನುಮತಿಯಿಲ್ಲದೆ ಗೋಡೆಗೆ ಅಂಟಿಸುವುದು 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ಅಪರಾಧ. ಹೇಗೂ ಅನುಮತಿ ಪತ್ರ ಬರೆಯುತ್ತೀರಿ. ತೆಗೆಯುವ ತಾರೀಖು, ಹೊಣೆ ಹೊತ್ತವರ ಫೋನ್ ನಂಬರ್ ಅದರಲ್ಲೇ ಬರೆಯಿರಿ, ಗೋಡೆಯ ಮೂಲೆಗೂ ಅಂಟಿಸಿ.

ಕೀಳುವುದು ಕಷ್ಟವಲ್ಲ. ಉಗುರುಬೆಚ್ಚನೆ ನೀರು ಸಿಂಪಡಿಸಿ ಕಾಲು ಗಂಟೆ ಬಿಟ್ಟು, ಇನ್ನೊಮ್ಮೆ ಸಿಂಪಡಿಸಿ, ಪೇಂಟರುಗಳು ಕೆರೆಯಲು ಬಳಸುವ ತಗಡಿನ ಪಟ್ಟಿಯನ್ನು ಗೋಡೆಗೆ ಮಲಗಿಸಿದಂತೆ ಹಿಡಿದು ಮೇಲಿಂದ ಎಬ್ಬಿಸಿದರೆ ಹಾಳೆ ಉದ್ದುದ್ದ ಬರುತ್ತದೆ. ಕೆಳಗೆ ಟಾರ್ಪಾಲ್ ಹಾಸಿರಬೇಕು, ಚೂರು ಮೋರಿಗೆ ಬೀಳದ ಹಾಗೆ. ಇದನ್ನು ಅಂಟಿಸಿದ ತಂಡವೇ ಬಂದು ಮಾಡಲಿ. ಬರಲಾಗದಿದ್ದರೆ ಸ್ಥಳೀಯರಿಗೆ ಆ ದಿನದ ಕೂಲಿ ಮುಂಗಡವಾಗಿ ಕೊಟ್ಟು ಹೋಗಲಿ.