ಮಲ್ಪೆ ಬೋಟ್‌ಗಳಿಗೆ ಸಯಾನ್ ಯಾವುದು, ಟರ್ಕಾಯ್ಸ್ ಯಾವುದು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಮಲ್ಪೆ ಬಂದರಿನ ದಕ್ಕೆಯಲ್ಲಿ ಬೋಟ್‌ಗಳು ಒತ್ತೊತ್ತಾಗಿ ನಿಂತಿವೆ, ಕೂತು ಚಿತ್ರ ಬರೆಯಲು ಇದೇ ಸಮಯ. ನನ್ನ ಜಲವರ್ಣದ ಪ್ಯಾಲೆಟ್‌ನಲ್ಲಿ ಬಣ್ಣ ಹಾಕಲು ಖಾಲಿ ಉಳಿದಿರುವುದು ಎರಡೇ ಗುಂಡಿ. ನೀಲಿಗೂ ಹಸಿರಿಗೂ ನಡುವಿನ ಯಾವ ಬಣ್ಣ ಅಲ್ಲಿ ಹಾಕೋದು ಅಂತ ಈ ವಾರ ಕೊನೆಗೂ ತೀರ್ಮಾನವಾಯಿತು.

ಟ್ಯೂಬ್ ಮೇಲಿನ ಹೆಸರು ನಂಬಬೇಡಿ. ಟರ್ಕಾಯ್ಸ್ ಅಂತ ಒಂದೊಂದು ಕಂಪನಿ ಒಂದೊಂದು ಬಣ್ಣ ಕೊಡುತ್ತದೆ. ಹಿಂದೆ ಸಣ್ಣ ಅಕ್ಷರದಲ್ಲಿರುವ ಪಿಗ್ಮೆಂಟ್ ನಂಬರ್, ಅಂದರೆ ಒಳಗಿರುವ ಬಣ್ಣದ ಪುಡಿಯ ಸಂಕೇತ, ಓದಿ. ಪಿಬಿ 15:3 ಅಂದರೆ ಹಸಿರಿನ ಕಡೆ ವಾಲುವ ಥಾಲೋ ನೀಲಿ (ಥಾಲೋ ಅಂದರೆ ತುಂಬಾ ಗಾಢವಾದ ಒಂದು ಬಗೆಯ ಕೃತಕ ಬಣ್ಣ). ಛಾಪಖಾನೆಯ ಸಯಾನ್ ಶಾಯಿಯಲ್ಲೂ ಇದೇ ಇರುತ್ತದೆ. ಪಿಬಿ 16 ಥಾಲೋ ಟರ್ಕಾಯ್ಸ್. ಎಷ್ಟೋ ಟ್ಯೂಬ್‌ಗಳಲ್ಲಿ ಥಾಲೋ ನೀಲಿಗೆ ಥಾಲೋ ಹಸಿರು ಸೇರಿಸಿ ಟರ್ಕಾಯ್ಸ್ ಮಾಡಿರುತ್ತಾರೆ. ಆ ಹಸಿರು, ಪಿಜಿ 7, ನನ್ನ ಹತ್ತಿರ ಮೊದಲೇ ಇದೆ. ಮತ್ತೆ ಸುಮ್ನೆ ದುಡ್ಡು ಯಾಕೆ, ಅಲ್ವಾ?

ನನಗೆ ಉತ್ತರ ಕೊಟ್ಟಿದ್ದು ಗುಲಾಬಿ ಬಣ್ಣ. ಪಿವಿ 19 ಗುಲಾಬಿಯನ್ನು 15:3ಕ್ಕೆ ಬೆರೆಸಿದರೆ ಮಳೆ ಬಿಟ್ಟ ಸಂಜೆಯ ಮೋಡದ ನೇರಳೆ ಚೊಕ್ಕವಾಗಿ ಬರುತ್ತದೆ. ಅದೇ ಗುಲಾಬಿ ಟರ್ಕಾಯ್ಸ್‌ಗೆ ಬಿದ್ದರೆ ಬೂದು. ಒಳಗಿನ ಹಸಿರು ಗುಲಾಬಿಯನ್ನು ಕೊಂದುಬಿಡುತ್ತದೆ. ನಿಂಬೆ ಹಳದಿ ಜೊತೆ ಎರಡೂ ಚೆಂದ, ನೇಜಿಯ, ಅಂದರೆ ಭತ್ತದ ಸಸಿಯ, ಹಸಿರು ಎರಡರಲ್ಲೂ ಸಿಗುತ್ತದೆ. ಹಾಗಾಗಿ ಬೆರೆಸೋಕೆ 15:3 ಸಾಕು.

ಎರಡನೇ ಗುಂಡಿಗೆ ಕೋಬಾಲ್ಟ್ ಟರ್ಕಾಯ್ಸ್, ಪಿಜಿ 50. ಇದು ದುಬಾರಿ, ಆದರೂ ಬೇಕೇ ಬೇಕು. ಯಾಕೆಂದರೆ ಥಾಲೋಗಳನ್ನು ಹೇಗೆ ಬೆರೆಸಿದರೂ ಇದರ ತರಿತರಿಯಾದ ನೋಟ ಬರುವುದಿಲ್ಲ. ಒರಟು ಕಾಗದದ ಮೇಲೆ ನೀರು ಜಾಸ್ತಿ ಇಟ್ಟು ಹಚ್ಚಿದೆ. ಈ ತಂಪು ಹವೆಯಲ್ಲಿ ಅದು ಬೇಗ ಆರುವುದೇ ಇಲ್ಲ. ನೋಡನೋಡುತ್ತಿದ್ದಂತೆ ಬಣ್ಣದ ಕಣಗಳು ಕಾಗದದ ತಗ್ಗುಗಳಿಗೆ ಇಳಿದು ಕೂತವು, ಉಬ್ಬಿದ ಕಡೆ ಬಿಳಿಚಿಕೊಂಡಿತು. ಉಪ್ಪುನೀರು ತಿಂದು ಮಾಸಿದ ಬೋಟ್‌ನ ಪಕ್ಕೆ ಥೇಟ್ ಹಾಗೇ ಇರುತ್ತದೆ! ಒದ್ದೆ ಬ್ರಷ್‌ನಿಂದ ಉಜ್ಜಿದರೆ ಇದು ಸುಮಾರಾಗಿ ಎದ್ದು ಬರುತ್ತದೆ, ಹಗ್ಗದ ಗೆರೆ ತೆಗೆಯಬಹುದು. ಥಾಲೋ ಹಾಗಲ್ಲ, ಕಾಗದಕ್ಕೆ ಕಚ್ಚಿದರೆ ಬಿಡುವುದಿಲ್ಲ. ಒಂದು ಮಾತು, ಕೋಬಾಲ್ಟ್ ಹಚ್ಚಿದ ಬ್ರಷ್‌ನ ತುದಿಯನ್ನು ಬಾಯಲ್ಲಿ ಚೂಪು ಮಾಡಬೇಡಿ.

ಮುಂದಿನ ಕೆಲಸ ಬೋಟ್‌ಗಳ ಕೆಳಗಿನ ಕಪ್ಪು ನೀರು. 15:3ಕ್ಕೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಹಾಕಿ ನೋಡುತ್ತಿದ್ದೇನೆ. ಪರೀಕ್ಷೆಗೆ ಬಳಿದ ಪಟ್ಟಿಗಳು ಇನ್ನೂ ಆರಬೇಕು.