ಸುಳಿವು ದಾಳದ ಹಿಂದೆ ಸಿಕ್ಕಿಬೀಳದಿರಲಿ

ಕಾಲ್ ಆಫ್ ಕತುಲು ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಭಯದ ಕಥೆಯ ಆಟ. ಅದರಲ್ಲಿ ‘ಸ್ಪಾಟ್ ಹಿಡನ್’ (ಅಡಗಿದ್ದನ್ನು ಗುರುತಿಸುವ) ಕೌಶಲ ಎಲ್ಲರಿಗೂ 25ರಿಂದ ಶುರು, ಅಂದರೆ ನೂರರ ದಾಳದಲ್ಲಿ 25 ಅಥವಾ ಕಡಿಮೆ ಬಿದ್ದರೆ ಗೆಲುವು. ಯಾರೂ ಅದಕ್ಕೆ ಅಂಕ ಹಾಕಿಲ್ಲದಿದ್ದರೆ, ನಾಲ್ವರು ಆಟಗಾರರೂ ದಾಳ ಎಸೆದರೂ ನೂರರಲ್ಲಿ ಸುಮಾರು 32 ಸಲ ಒಬ್ಬರಿಗೂ ಏನೂ ಕಾಣುವುದಿಲ್ಲ. ಕಥೆ ಮುಂದೆ ಸಾಗಲು ಬೇಕಾದ ಒಂದೇ ಒಂದು ಕಾಗದ ಆ ಎಸೆತದ ಹಿಂದಿದ್ದರೆ ಆಟ ಅಲ್ಲಿಗೇ ನಿಂತಿತು. ಆಮೇಲೆ ಕೀಪರ್ (ಆಟ ನಡೆಸುವವರು) ಏನು ಮಾಡಿದರೂ ಅದು ತೇಪೆಯೇ.

ಸರಿಯಾದ ಜಾಗದಲ್ಲಿ ಹುಡುಕಿದವರಿಗೆ ಮುಖ್ಯ ಸುಳಿವು ಸಿಗಲೇಬೇಕು. ದಾಳವನ್ನು ಅದರ ಬೆಲೆ ಕಟ್ಟಲು ಬಳಸಿ: ಗೆದ್ದರೆ ಬೇಗ, ಸದ್ದಿಲ್ಲದೆ ಸಿಗುತ್ತದೆ, ಸೋತರೆ ಹುಡುಕಿ ಮುಗಿಯುವಷ್ಟರಲ್ಲಿ ಕತ್ತಲಾಗಿರುತ್ತದೆ, ಕೆಳಗಿನ ಬಾಗಿಲು ಯಾರೋ ತೆರೆದ ಸದ್ದು ಕೇಳಿಸುತ್ತದೆ.

1920ರ ದಶಕದ ಮ್ಯಾಸಚೂಸೆಟ್ಸ್ ಕರಾವಳಿಯ ಒಂದು ದೀಪಸ್ತಂಭವನ್ನೇ ತೆಗೆದುಕೊಳ್ಳಿ. ಕಾವಲುಗಾರ ಕಾಣೆಯಾಗಿದ್ದಾನೆ. ಆಟಗಾರರಿಗೆ ತಿಳಿಯಬೇಕಾದ್ದು, ಅವನು ಬೇಕೆಂದೇ ದೀಪ ಆರಿಸಿಟ್ಟಿದ್ದ ಎಂಬುದು. ಇದಕ್ಕೆ ಮೂರು ದಾರಿಯಾದರೂ ಇರಲಿ. ದಿನಚರಿ ಪುಸ್ತಕದಲ್ಲಿ ಕೊನೆಯ 9 ರಾತ್ರಿಗಳ ಎಣ್ಣೆ ಲೆಕ್ಕ ಖಾಲಿ. ಉಗ್ರಾಣದಲ್ಲಿ ಮುಟ್ಟದ ಡಬ್ಬಿಗಳು. ಬಂಡೆಗೆ ಬಡಿದ ದೋಣಿಯ ಮೀನುಗಾರನ ಮಾತು. ಮೂರೂ ಒಂದೇ ಕೋಣೆಯಲ್ಲಿ ಬೇಡ, ಮೂರಕ್ಕೂ ಒಂದೇ ಕೌಶಲವೂ ಬೇಡ. ನಿಮಗೆ ಢಾಳಾಗಿ ಕಾಣುವ ಸುಳಿವನ್ನೂ ಆಟಗಾರರು ಬೇರೆಯಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಒಂದು ತಪ್ಪಿದರೆ ಇನ್ನೊಂದು ತಿದ್ದುತ್ತದೆ.

ಆಟದ 7ನೇ ಆವೃತ್ತಿಯಲ್ಲಿ ಸೋತ ಎಸೆತವನ್ನು ‘ಪುಶ್’ ಮಾಡಬಹುದು, ಅಂದರೆ ಇನ್ನೊಮ್ಮೆ ಎಸೆಯಬಹುದು. ಆದರೆ ಆಟಗಾರ ವಿಧಾನ ಬದಲಿಸಬೇಕು: ಕಣ್ಣಾಡಿಸಿ ಸಿಗದಿದ್ದರೆ ನೆಲದ ಹಲಗೆ ಕೀಳಬೇಕು. ಮತ್ತೆ ಸೋತರೆ ಏನಾಗಬಹುದೆಂದು ಎಸೆಯುವ ಮೊದಲೇ ಹೇಳಿಬಿಡಿ. ಭಯ ಹುಟ್ಟುವುದು ಆ ಹೇಳುವಿಕೆಯಲ್ಲಿ, ದಾಳ ಕೈಯಲ್ಲಿರುವಾಗ.

ಕೋಣೆಯ ವರ್ಣನೆ ಮೂರು ವಾಕ್ಯ ಸಾಕು. ಮೊದಲು ವಾಸನೆ ಅಥವಾ ಸದ್ದು, ಆಮೇಲೆ ಕಣ್ಣಿಗೆ ಬೀಳುವುದು, ಕೊನೆಗೆ ಕೈಯಿಟ್ಟು ನೋಡಬಹುದಾದ ಒಂದು ವಸ್ತು. ಕೊನೆಯಲ್ಲಿ ಹೇಳಿದ್ದರತ್ತಲೇ ಆಟಗಾರರು ಹೋಗುತ್ತಾರೆ. ಪೂರ್ತಿ ನಕ್ಷೆ ಮೇಜಿನ ಮೇಲೆ ಹರಡಬೇಡಿ. ಕಾಲಿಟ್ಟಷ್ಟನ್ನು ಮಾತ್ರ ಗೀಚಿ. ಲಾಟೀನು ಯಾರ ಕೈಯಲ್ಲಿದೆ ಎಂದು ಆಗಾಗ ಕೇಳಿ. ಲಾಟೀನು ಹಿಡಿದವನಿಗೆ ಬಂದೂಕು ಹಿಡಿಯಲು ಒಂದೇ ಕೈ ಉಳಿದಿರುತ್ತದೆ, ಅವನಿಗದು ಆ ಪ್ರಶ್ನೆಯಿಂದಲೇ ನೆನಪಾಗುತ್ತದೆ. ಗುಂಪು ಒಡೆದರೆ ತಡೆಯಬೇಡಿ. ಒಬ್ಬೊಬ್ಬರಿಗೆ ಐದು ನಿಮಿಷ ಕೊಟ್ಟು, ಬಾಗಿಲ ಹಿಡಿಗೆ ಕೈ ಹೋದಾಗ ಇನ್ನೊಬ್ಬರ ಕಡೆ ತಿರುಗಿ.

ಸ್ಯಾನಿಟಿ (ಮನಸ್ಸಿನ ಸ್ಥಿಮಿತ) ಎಸೆತವನ್ನು ಸಣ್ಣಪುಟ್ಟದ್ದಕ್ಕೆಲ್ಲ ಕರೆದರೆ ಅದು ಬರೀ ಲೆಕ್ಕವಾಗುತ್ತದೆ. ಒಂದೇ ಏಟಿಗೆ 5 ಅಥವಾ ಹೆಚ್ಚು ಸ್ಯಾನಿಟಿ ಅಂಕ ಹೋದರೆ ಬುದ್ಧಿಮತ್ತೆಯ ಎಸೆತ. ಅದರಲ್ಲಿ ಗೆದ್ದವನಿಗೇ ಹುಚ್ಚು ಹಿಡಿಯುವುದು, ಕಂಡದ್ದು ಏನೆಂದು ಅರ್ಥವಾದದ್ದು ಅವನಿಗೇ. ಈ ನಿಯಮ ಬಲು ಚೆನ್ನಾಗಿದೆ. ಅದಕ್ಕೆ ತಕ್ಕ ದೃಶ್ಯ ಒಂದು ಸಂಜೆಗೆ ಒಂದೋ ಎರಡೋ ಇರಲಿ, ಮತ್ತು ಆಟಗಾರರು ತಾವೇ ಸುಳಿವು ಜೋಡಿಸಿ ಅಲ್ಲಿಗೆ ನಡೆದು ಬರಲಿ.